ಎರಡನೇ ಮಾತ್ರೆ

ನನ್ನನ್ನು ನೋಡಲು ಬಂದ ಹುಡುಗನ ಎದುರಿಗೇ ನಾನು ನಿದ್ದೆ ಹೋಗಿಬಿಟ್ಟೆ. ಸುಮ್ಮನೆ ತೂಕಡಿಸಿದ್ದಲ್ಲ. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿರೋ ನಮ್ಮ ಮನೆ ಟೆರೇಸಿನ ಮೇಲೆ, ಸಿಂಟೆಕ್ಸ್ ಟ್ಯಾಂಕಿಗೆ ಒರಗಿ, ಬಾಯಿ ಸ್ವಲ್ಪ ತೆರೆದುಕೊಂಡು, ಸರಿಯಾಗಿ ಇಪ್ಪತ್ತು ನಿಮಿಷ. ಕೆಳಗೆ ಹಾಲ್‌ನಲ್ಲಿ ಎರಡೂ ಕಡೆಯವರು ಉಪ್ಪಿಟ್ಟು, ಕೇಸರಿಬಾತ್ ತಿನ್ನುತ್ತಾ, ಹುಡುಗ ಹುಡುಗಿ ಇಷ್ಟು ಹೊತ್ತು ಮಾತಾಡ್ತಿದ್ದಾರೆ ಅಂದರೆ ಒಪ್ಪಿಗೆಯಾದ ಹಾಗೇ ಅಂದುಕೊಂಡು ಖುಷಿಯಾಗಿದ್ದರಂತೆ.

ನಾನು ಉಮಾಮಹೇಶ್ವರಿ. ಮೂವತ್ತೊಂದು ವರ್ಷ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಪರೀಕ್ಷಾ ವಿಭಾಗದ ಕೆಲಸ. ಹಳೇ ಉತ್ತರಪತ್ರಿಕೆಗಳ ಬಂಡಲ್ ಬಿಚ್ಚೋದು, ಎಣಿಸೋದು, ಮತ್ತೆ ಕಟ್ಟೋದು. ಆ ಧೂಳು ಸಾಲದು ಅಂತ ದಾರಿಯುದ್ದಕ್ಕೂ ಕಾಂಗ್ರೆಸ್ ಗಿಡ ಹೂಬಿಟ್ಟುಕೊಂಡು ನಿಂತಿರುತ್ತೆ. ಸೀನು ಶುರುವಾದರೆ ನಿಲ್ಲುವ ಮಾತೇ ಇಲ್ಲ.

ಅಮ್ಮ ಶಂಕರಮ್ಮನಿಗೆ ನನ್ನ ಸೀನಿನ ಬಗ್ಗೆ ಇರುವ ಭಯ ಬೇರೆ ಥರದ್ದು. ಹಿಂದಿನ ಸಲ ಶಿಕಾರಿಪುರದ ಕಡೆಯವರು ಬಂದಿದ್ದಾಗ, ಹುಡುಗನ ಅಜ್ಜ "ಹಂಗಾದ್ರೆ ಮಾತು ಮುಂದುವರಿಸೋಣ" ಅಂತ ಬಾಯಿ ತೆಗೆದರೋ ಇಲ್ಲವೋ, ಅಡುಗೆಮನೆಯಲ್ಲಿ ನಾನು ಸೀನಿದೆ. ಒಂದೇ ಒಂದು. ಎರಡು ಬಂದಿದ್ದರೆ ನಡೀತಿತ್ತು, ಒಂಟಿ ಸೀನು ಅಪಶಕುನ. ಅಜ್ಜ ಕಾಫಿ ಲೋಟ ಕೆಳಗಿಟ್ಟು ಎದ್ದರು. ಅವರ ಹಿಂದೆ ಎಲ್ಲರೂ ಎದ್ದರು.

ಅದಕ್ಕೇ ಈ ಹುಡುಗ ವಸಂತ್ ಮನೆಯವರು ಬರಲಿದ್ದ ಭಾನುವಾರ ಅಮ್ಮ ಬೆಳಗ್ಗೆಯೇ ಅಲರ್ಜಿ ಮಾತ್ರೆ ಅಂಗೈಗೆ ಹಾಕಿ, ನುಂಗುವವರೆಗೂ ಎದುರಿಗೇ ನಿಂತಿದ್ದಳು. ಅದು ಹಳೇ ಕಾಲದ ಮಾತ್ರೆ. ಮೆಡಿಕಲ್ ಶಾಪಿನವರು ಚೀಟಿ ಕೇಳದೆ ಕೊಡ್ತಾರೆ. ಸೀನೂ ನಿಲ್ಲುತ್ತೆ, ಮನುಷ್ಯರೂ ನಿಂತುಹೋಗ್ತಾರೆ.

ಅಮ್ಮ ಕೊಟ್ಟಿದ್ದು ಒಂದು. ಎರಡನೇದು ನಾನೇ ನುಂಗಿದ್ದು. ಅವರ ಕಾರು ಗೇಟಿನ ಮುಂದೆ ನಿಂತ ಸದ್ದು ಕೇಳಿಸಿತು, ನಾನು ಒಳಗೆ ಹೋಗಿ ಇನ್ನೊಂದು ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಆಗ ಸೀನು ಬಂದಿರಲಿಲ್ಲ, ಬರುವ ಹಾಗೂ ಇರಲಿಲ್ಲ. ಇನ್ನೊಂದು ಟ್ರೇ ಹಿಡಿದು ಇನ್ನೊಂದಷ್ಟು ಜನರ ಮುಂದೆ ನಿಲ್ಲಬೇಕಲ್ಲ, ಆಗ ನಾನು ಅಲ್ಲಿ ಇರಬಾರದು ಅಂತ ನುಂಗಿದೆ. ಇದು ಅಮ್ಮನಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿರಲಿಲ್ಲ.

ಟೆರೇಸಿನ ಮೇಲೆ ವಸಂತ್ ಏನೇನೋ ಹೇಳುತ್ತಿದ್ದರು. ಮನೆ ಭದ್ರಾವತಿ, ಕೆಲಸ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕ್ರೇನ್ ಆಪರೇಟರ್. ಮೇಲೆ ಕ್ಯಾಬಿನ್‌ನಲ್ಲಿ ಕೂತರೆ ಕೆಳಗಿನವರ ಹೆಲ್ಮೆಟ್ ಮಾತ್ರ ಕಾಣುತ್ತೆ, ಯಾರ ಮುಖವೂ ಕಾಣಲ್ಲ ಅಂದರು. ಅಷ್ಟು ನೆನಪಿದೆ.

"ನಿಮಗೆ ಏನಿಷ್ಟ?" ಅಂತ ಕೇಳಿದರು.

"ಏನೂ ಇಲ್ಲ" ಅಂದೆ.

ಸುಳ್ಳಲ್ಲ ಅದು. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಅವತ್ತಿಂದ ನನಗೆ ಇಷ್ಟ, ಬೇಜಾರು, ಕೋಪ, ಯಾವುದೂ ಆಗ್ತಿರಲಿಲ್ಲ. ಊಟ ಮಾಡ್ತಿದ್ದೆ, ಬಸ್ ಹತ್ತುತ್ತಿದ್ದೆ, ಬಂಡಲ್ ಕಟ್ಟುತ್ತಿದ್ದೆ. ಸೀನು ಇಲ್ಲದ ದಿನವೂ ಮಾತ್ರೆ ನುಂಗುತ್ತಿದ್ದೆ. ಟ್ಯಾಂಕ್ ಬಿಸಿಲಿಗೆ ಬೆಚ್ಚಗಿತ್ತು, ಒರಗಿದೆ.

ಎರಡು ದಿನ ಬಿಟ್ಟು ಅವರ ಕಡೆಯಿಂದ ಫೋನ್ ಬಂತು. "ಹುಡುಗಿ ಒಳ್ಳೆಯವಳು ಅಂದ ನಮ್ಮ ಹುಡುಗ. ಆದ್ರೆ ಅವಳಿಗೆ ಇಷ್ಟ ಇದ್ದ ಹಾಗಿಲ್ಲ, ಬಲವಂತ ಮಾಡೋದು ಬೇಡ ಅಂತಾನೆ." ನಾನು ನಿದ್ದೆ ಮಾಡಿದ ವಿಷಯ ಅವರು ಯಾರಿಗೂ ಹೇಳಿರಲಿಲ್ಲ. ಅಮ್ಮ ದೇವರ ಮನೆಯಲ್ಲಿ ಕೂತು ಅತ್ತಳು. ನಾನು ಪಕ್ಕದಲ್ಲಿ ಕೂತು ಅವರೆಕಾಳು ಸುಲಿದೆ.

ಒಂದು ತಿಂಗಳಾಗಿರಬೇಕು. ಬೆಳಗ್ಗೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಪ್ರೈವೇಟ್ ಬಸ್ಸು, ಶಂಕರಘಟ್ಟಕ್ಕೆ ಅಲ್ಲಿಂದ ಇನ್ನೊಂದು ಬಸ್ಸು. ನಾನು ಕಿಟಕಿ ಪಕ್ಕ. ಮಾತ್ರೆ ಹಿಂದಿನ ದಿನವೇ ಖಾಲಿಯಾಗಿತ್ತು. ದಾರಿಯಲ್ಲಿ ಮಾಚೇನಹಳ್ಳಿಯಲ್ಲಿ ರಾತ್ರಿ ಪಾಳಿ ಮುಗಿಸಿದವರು ಹತ್ತಿದರು, ಅವರಲ್ಲಿ ವಸಂತ್. ನನ್ನನ್ನು ನೋಡಿದರು, ನೋಡದವರ ಹಾಗೆ ಮುಂದೆ ಹೋದರು. ಮುಂದೆ ಸೀಟಿರಲಿಲ್ಲ. ಹಿಂದೆ ಬಂದರು, ಅಲ್ಲೂ ಇರಲಿಲ್ಲ. ಕೊನೆಗೆ ನನ್ನ ಪಕ್ಕದಲ್ಲಿ, ಆದಷ್ಟೂ ತುದಿಗೆ ಕೂತರು. ಒಂದು ಕಾಲು ದಾರಿಯಲ್ಲೇ ಇತ್ತು.

ಆಗ ಶುರುವಾಯಿತು ನನ್ನ ಸೀನು. ವೇಲ್‌ನಲ್ಲಿ ಮುಖ ಮುಚ್ಚಿಕೊಂಡೆ. ಮುಂದಿನ ಸೀಟಿನ ಮಗು ತಿರುಗಿ ನೋಡಿ ನಕ್ಕಿತು.

"ಒಂಬತ್ತು" ಅಂದರು ವಸಂತ್.

"ಎಣಿಸ್ತಿದ್ರಾ?"

"ಬೇರೆ ಕೆಲಸ ಇರ್ಲಿಲ್ಲ."

ಮೂಗು ಒರೆಸಿಕೊಂಡು ಅವರನ್ನು ನೋಡಿದೆ. ಕಣ್ಣು ಕೆಂಪಗಿತ್ತು, ರಾತ್ರಿಯೆಲ್ಲ ಎದ್ದಿದ್ದಕ್ಕೆ. ಗಡ್ಡದಲ್ಲಿ ಕಪ್ಪು ಪುಡಿ ಕೂತಿತ್ತು. ತುಟಿಯ ಒಂದೇ ಕಡೆ ನಗು.

"ನಿಮಗೂ ಅಲರ್ಜಿ ಇದೆಯಾ? ನಂಗೂ ಇದೆ, ನಾಲ್ಕು ವರ್ಷದಿಂದ" ಅಂದರು. ಆಮೇಲೆ ಏನೋ ಹೊಳೆದವರ ಹಾಗೆ ಪೂರ್ತಿ ನನ್ನ ಕಡೆ ತಿರುಗಿದರು. "ಒಂದು ನಿಮಿಷ. ಅವತ್ತು ನೀವು ಮಾತ್ರೆ ತಗೊಂಡಿದ್ರಾ?"

"ಹೂಂ. ಅಮ್ಮ ಕೊಟ್ಟಿದ್ಲು. ಹೆಣ್ಣು ನೋಡೋ ಹೊತ್ತಲ್ಲಿ ಸೀನಬಾರ್ದು ಅಂತ."

ವಸಂತ್ ಸೀಟಿಗೆ ಒರಗಿ ಉಸಿರುಬಿಟ್ಟರು. "ನಿಮ್ಮನೆ ಮೆಟ್ಟಿಲು ಇಳಿಯುವಾಗ ನಂಗೆ ಎಷ್ಟು ಬೇಜಾರಾಗಿತ್ತು ಗೊತ್ತೇನ್ರಿ. ನನ್ನ ಮುಖ ನೋಡಿದ್ರೇ ನಿದ್ದೆ ಬರುತ್ತೆ ಅಂತ ತಿಳ್ಕೊಂಡಿದ್ದೆ. ಮಾತ್ರೆ ಕೆಲಸನಾ ಅದು?"

ಅಲ್ಲಿ ನಾನು ಬಾಯಿ ಬಿಡಬೇಕಿತ್ತು. "ಹೂಂ, ಮಾತ್ರೆ ಕೆಲಸ" ಅಂದೆ.

ಅವರಿಗೂ ಒಮ್ಮೆ ಹಾಗೇ ಆಗಿತ್ತಂತೆ. ಹಳೇ ಮಾತ್ರೆ ನುಂಗಿ ಕ್ರೇನ್ ಹತ್ತಿದ್ದಾರೆ, ಲಿವರ್ ಮೇಲೆ ಕೈಯಿಟ್ಟುಕೊಂಡೇ ಕಣ್ಣು ಎಳೆದಿದೆ. ಎರಡು ಟನ್‌ನ ಅಚ್ಚು ಕೆಳಗಿದ್ದವನಿಂದ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಇವರು ಕೆಳಗಿಳಿದು ವಾಂತಿ ಮಾಡಿಕೊಂಡರು. ಮಾರನೇ ದಿನ ಡಾಕ್ಟರ್ ಮಾತ್ರೆ ಬದಲಾಯಿಸಿದರು.

"ನಿದ್ದೆ ಬರದ ಮಾತ್ರೆನೂ ಇದೆಯಾ?"

"ಇದೆ. ನನ್ನ ಜೇಬಲ್ಲೇ ಇದೆ. ಆದ್ರೆ ಕೊಡಲ್ಲ."

"ಯಾಕೆ?"

"ಇನ್ನೊಬ್ಬರ ಮಾತ್ರೆ ತಗೋಬಾರ್ದು. ಡಾಕ್ಟರ್ ಹತ್ರ ಹೋಗಿ. ಹೋಗಿ ಬಂದ್ಮೇಲೆ ಇದೇ ಬಸ್ಸಲ್ಲಿ ನಂಗೆ ಹೇಳಿ." ಹೇಳಿ ಕಿಟಕಿಯಾಚೆ ನೋಡಿದರು. ಕಿವಿ ಕೆಂಪಾಗಿತ್ತು.

ಇಳಿಯುವ ಮುಂಚೆ ಇನ್ನೊಂದು ಹೇಳಿದರು. "ಅವತ್ತು ಬಿಸಿಲು ನಿಮ್ಮ ಮುಖಕ್ಕೇ ಬೀಳ್ತಿತ್ತು. ಎಬ್ಬಿಸೋಕೆ ಮನಸ್ಸಾಗ್ಲಿಲ್ಲ. ಆ ಕಡೆ ನಿಂತ್ಕೊಂಡಿದ್ದೆ, ನೆರಳಾಗ್ಲಿ ಅಂತ."

ಇದನ್ನು ಕೇಳಿದರೆ ಏನಾದರೂ ಆಗಬೇಕಿತ್ತಲ್ಲ, ನನಗೆ ಏನೂ ಆಗಲಿಲ್ಲ. ಒಳ್ಳೆಯ ಮನುಷ್ಯ ಅಂತ ತಿಳಿಯಿತು, ಅಷ್ಟೇ. ಇವತ್ತು ಗುರುವಾರ ಅಂತ ತಿಳಿದ ಹಾಗೆ.

ಡಾಕ್ಟರ್ ಹತ್ತಿರ ಹೋದೆ. ವಯಸ್ಸಾದ ಹೆಂಗಸು, ಮೂಗಿನ ಒಳಗೆ ಟಾರ್ಚ್ ಬಿಟ್ಟು ನೋಡಿದರು. "ನೀವು ತಗೊಳ್ಳೋ ಹಳೇ ಮಾತ್ರೆ ಮೆದುಳಿಗೂ ಹೋಗುತ್ತೆ ಕಣಮ್ಮ, ಅದಕ್ಕೇ ಮಂಪರು. ಈ ಹೊಸದು ಅಲ್ಲಿಗೆ ಅಷ್ಟಾಗಿ ಹೋಗಲ್ಲ. ಮೂಗಿನ ಕೆಲಸ ಮುಗಿಸುತ್ತೆ, ನಿಮ್ಮನ್ನ ನಿಮ್ಮ ಪಾಡಿಗೆ ಬಿಡುತ್ತೆ." ಚೀಟಿಯಲ್ಲಿ ಫೆಕ್ಸೊಫೆನಡಿನ್ ಅಂತ ಬರೆದರು. ನೀರಲ್ಲಿ ನುಂಗಿ, ಹಣ್ಣಿನ ಜ್ಯೂಸ್ ಜೊತೆ ಬೇಡ, ಮೈಗೆ ಸರಿಯಾಗಿ ಹತ್ತಲ್ಲ ಅಂದರು. ಆಮೇಲೆ ಪೆನ್ ಕೆಳಗಿಟ್ಟು ಕೇಳಿದರು, "ಸೀನು ಇಲ್ದಾಗಲೂ ತಗೋತಿದ್ರಾ?"

"ಇಲ್ಲ" ಅಂದೆ.

ನಿಜ ಹೇಳಬೇಕೆಂದರೆ ನನಗೊಂದು ಆಸೆಯಿತ್ತು. ಇಷ್ಟು ದಿನದ ಈ ಮರಗಟ್ಟಿದ್ದೆಲ್ಲ ಹಳೇ ಮಾತ್ರೆಯದ್ದೇ ಇರಬಹುದು, ಬದಲಾಯಿಸಿದರೆ ಸರಿಹೋಗಬಹುದು ಅಂತ. ಒಂದು ವಾರ ಹೊಸದು ನುಂಗಿದೆ. ಸೀನು ನಿಂತಿತು. ನಿದ್ದೆ ಹೋಯಿತು. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಸುಪ್ರಿಯಾ, "ಏನ್ ಮಾರಾಯ್ತಿ, ಕಣ್ಣು ಪೂರ್ತಿ ತೆರ್ದಿದೀಯಲ್ಲ ಇವತ್ತು" ಅಂದಳು. ಬಂಡಲ್ ಎಣಿಕೆ ಒಂದೇ ಸಲಕ್ಕೆ ಸರಿಬಂತು. ಅಮ್ಮನ ತಲೆಯಲ್ಲಿ ಬಿಳಿ ಕೂದಲು ಎಷ್ಟಾಗಿದೆ ಅಂತ ಕಾಣಿಸಿತು. ಕಾಣಿಸಿತು, ಅಷ್ಟೇ. ಮನಸ್ಸು ಎಲ್ಲಿತ್ತೋ ಅಲ್ಲೇ ಇತ್ತು. ಎಚ್ಚರ ಮಾತ್ರ ಬಂದಿತ್ತು, ಬೇರೇನೂ ಬರಲಿಲ್ಲ. ಇನ್ನು ಯಾವ ಮಾತ್ರೆಯ ಮೇಲೂ ತಪ್ಪು ಹಾಕುವ ಹಾಗಿರಲಿಲ್ಲ.

ವಸಂತ್ ರಾತ್ರಿ ಪಾಳಿ ಇದ್ದ ವಾರವೆಲ್ಲ ಬಸ್ಸಿನಲ್ಲಿ ಸಿಗುತ್ತಿದ್ದರು. ಪಾಳಿ ಬದಲಾದ ವಾರ ಸಂಜೆ ಭದ್ರಾವತಿ ಬಸ್ ಸ್ಟ್ಯಾಂಡಿನ ಹತ್ತಿರ ಜ್ಯೂಸ್ ಸೆಂಟರ್ ಎದುರು, ಆಕಸ್ಮಿಕವಾಗಿ ಅನ್ನುವ ಹಾಗೆ ನಿಂತಿರುತ್ತಿದ್ದರು.

"ಇಲ್ಲೇನ್ ಮಾಡ್ತಿದೀರಾ?" ಅಂತ ಕೇಳಿದೆ ಒಂದು ದಿನ.

"ಮೂಸಂಬಿ ಜ್ಯೂಸ್ ಕುಡಿಯೋಕೆ ಬಂದೆ."

"ಜ್ಯೂಸ್ ಕುಡಿಬಾರ್ದು ಅಂದಿದಾರಲ್ಲ ಡಾಕ್ಟರು."

"ಮಾತ್ರೆ ಜೊತೆ ಕುಡಿಬಾರ್ದು. ಬೆಳಗ್ಗೆ ನುಂಗಿದೀನಿ, ಈಗ ಸಂಜೆ. ನಿಮ್ಮ ಜೊತೆ ಕುಡಿಬಾರ್ದು ಅಂತ ಎಲ್ಲೂ ಬರೆದಿಲ್ಲ."

ಅಂಗಡಿಯವನು ಎರಡು ಗ್ಲಾಸ್ ತಂದಿಟ್ಟ. ವಸಂತ್ ಸ್ಟ್ರಾ ತುಟಿಗೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು, ನಾನು ನೋಡಿದಾಗ ಗ್ಲಾಸ್ ನೋಡಿದರು. ಜ್ಯೂಸ್ ಮಟ್ಟ ಇಳಿದೇ ಇರಲಿಲ್ಲ. ಗೊತ್ತಾಗಿ ಅವರಿಗೇ ನಗು ಬಂತು.

"ನೀವು ನಗೋದೇ ಇಲ್ಲ ಅಲ್ವಾ?" ಅಂದರು.

"ನಗ್ತೀನಿ. ಸ್ವಲ್ಪ ಲೇಟಾಗುತ್ತೆ."

"ಎಷ್ಟು ಲೇಟಾಗುತ್ತೆ? ಕಾಯ್ತೀನಿ."

ಆ ಮಾತನ್ನು ಬಸ್ಸಿನಲ್ಲಿ ಎರಡು ಸಲ ನೆನಪು ಮಾಡಿಕೊಂಡೆ. ಇವರು ಒಂದು ಸಂಜೆ ಬರದೇ ಇದ್ದಾಗ ಜ್ಯೂಸ್ ಸೆಂಟರ್ ಮುಂದೆ ನಾಲ್ಕು ನಿಮಿಷ ನಿಂತು ನೋಡಿದೆ. ಇಷ್ಟ ಅಂದರೆ ಇದೇ ಇರಬಹುದಾ ಅಂತ ಅನುಮಾನ ಬಂತು. ಖಾತ್ರಿ ಇರಲಿಲ್ಲ. ಎರಡು ವರ್ಷದಿಂದ ಮುಟ್ಟದೇ ಇದ್ದ ವಿಷಯ, ಗುರುತು ಹತ್ತಲಿಲ್ಲ.

ವಸಂತ್ ಮನೆಯಲ್ಲಿ ಎಲ್ಲ ಹೇಳಿಬಿಟ್ಟರು. ಹುಡುಗಿಗೆ ಇಷ್ಟ ಇಲ್ಲದೇ ಅಲ್ಲ, ಮಾತ್ರೆಯಿಂದ ಹಾಗಾಗಿದ್ದು, ಈಗ ಮಾತ್ರೆ ಬದಲಾಯಿಸಿದ್ದಾರೆ ಅಂತ. ಅವರ ತಾಯಿ ಅಮ್ಮನಿಗೆ ಫೋನ್ ಮಾಡಿ ಅರ್ಧ ಗಂಟೆ ನಕ್ಕರು. ಅಮ್ಮ ಗಾಂಧಿ ಬಜಾರಿಗೆ ಹೋಗಿ ನನಗೊಂದು ಸೀರೆ ತಂದಳು, ಅಂಗಡಿಯವನಿಗೂ ಆ ಕಥೆ ಹೇಳಿಯೇ ತಂದಳು. "ಎಲ್ಲಾ ನನ್ನ ತಪ್ಪು ನೋಡಿ, ನಾನೇ ಮಾತ್ರೆ ಕೊಟ್ಟೆ" ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು, ಎಷ್ಟೋ ದಿನದ ಮೇಲೆ ಖುಷಿಯಾಗಿದ್ದಳು. ಭಾನುವಾರ ಮತ್ತೆ ಬರ್ತಾರೆ, ಈ ಸಲ ತಟ್ಟೆ ಬದಲಾಯಿಸಿಕೊಂಡೇ ಹೋಗೋದು ಅಂತ ಮಾತಾಯಿತು.

ಎಲ್ಲರೂ ಅಮ್ಮ ಕೊಟ್ಟ ಆ ಒಂದು ಮಾತ್ರೆಯ ಮೇಲೆ ಮದುವೆ ಕಟ್ಟುತ್ತಿದ್ದರು. ಸುಮ್ಮನಿದ್ದರೆ ಮದುವೆ ಆಗುತ್ತೆ. ಹೇಳಿದರೆ ಈ ಮನುಷ್ಯ ಎದ್ದು ಹೋಗಬಹುದು. ಹೇಳದೇ ಇದ್ದರೆ, ನಾನು ಒಳಗೆ ಹೇಗಿದ್ದೀನಿ ಅಂತ ಗೊತ್ತಿಲ್ಲದವರ ಜೊತೆ ಮೂವತ್ತು ವರ್ಷ, ನಲವತ್ತು ವರ್ಷ. ಅವರು ನೆರಳಾಗಿ ನಿಲ್ಲೋದು, ನಾನು ಅದು ಗುರುವಾರ ಅನ್ನೋ ಹಾಗೆ ನೋಡೋದು.

ಶನಿವಾರ ವಸಂತ್‌ಗೆ ಫೋನ್ ಮಾಡಿ, ಅರ್ಧ ದಿನ ರಜೆ ಹಾಕಿ ಭದ್ರಾವತಿಗೆ ಬಂದೆ. ಅವರಿಗೆ ಮಧ್ಯಾಹ್ನದ ಪಾಳಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಟಿಫಿನ್ ಬಾಕ್ಸ್ ಇಟ್ಟುಕೊಂಡು ಕಾಯುತ್ತಿದ್ದರು.

"ನಾಳೆ ಸಿಗೋರು ಇವತ್ತೇ ಕರೆದ್ರಿ. ಅಷ್ಟು ಅರ್ಜೆಂಟಾ?" ಅಂದರು.

"ವಸಂತ್ ಅವರೇ, ಅವತ್ತು ನಾನು ಎರಡು ಮಾತ್ರೆ ತಗೊಂಡಿದ್ದೆ."

"ಡೋಸ್ ಜಾಸ್ತಿಯಾಯ್ತು. ಅದಕ್ಕೇ ಟ್ಯಾಂಕ್ ಹತ್ರ."

"ಕೇಳಿ ಇಲ್ಲಿ. ಅಮ್ಮ ಕೊಟ್ಟಿದ್ದು ಒಂದೇ. ಇನ್ನೊಂದು ನಾನಾಗಿ ತಗೊಂಡೆ. ಸೀನಿಗಲ್ಲ. ನೀವು ಬಂದು ಹೋಗೋದು ನಂಗೆ ಗೊತ್ತಾಗಬಾರ್ದು ಅಂತ."

ತುಟಿಯ ಒಂದು ಕಡೆ ಇದ್ದ ನಗು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಇರಲಿಲ್ಲ.

"ಅಂದ್ರೆ ನಾನು ಮೊದಲು ಅಂದ್ಕೊಂಡಿದ್ದೇ ಸರಿ" ಅಂದರು.

"ಅವತ್ತಿನ ಮಟ್ಟಿಗೆ ಸರಿ."

"ಬಸ್ಸಲ್ಲಿ ಕೇಳಿದ್ನಲ್ಲ ಉಮಾ ಅವರೇ. ಆವಾಗ ಹೇಳಬಹುದಿತ್ತು. ನಾನು ಊರಿಗೆಲ್ಲ ಹೇಳ್ಕೊಂಡು ಓಡಾಡ್ತಿದೀನಿ, ಮಾತ್ರೆ ಕೆಲಸ, ಮಾತ್ರೆ ಕೆಲಸ ಅಂತ. ನಮ್ಮಮ್ಮ ನಾಳೆಗೆ ಹೂವು ತಂದಿಟ್ಟಿದಾರೆ."

"ಹೌದು. ಹೇಳ್ಬೇಕಿತ್ತು."

"ಈಗಲಾದ್ರೂ ಇಷ್ಟ ಇದೆಯಾ?"

"ಗೊತ್ತಾಗ್ತಿಲ್ಲ" ಅಂದೆ. ಅವತ್ತು ನನ್ನ ಹತ್ತಿರ ಇದ್ದ ನಿಜ ಅಷ್ಟೇ.

ವಸಂತ್ ಟಿಫಿನ್ ಬಾಕ್ಸ್ ಎತ್ತಿಕೊಂಡು ಎದ್ದರು. ಬೈಯಲಿಲ್ಲ. "ಬರ್ತೀನಿ" ಅಂತ ಅಂದರು, ಯಾವಾಗಲೂ ಅನ್ನುವ ಹಾಗೆಯೇ. ಶಿವಮೊಗ್ಗದ ಬಸ್ಸು ಸ್ಟಾರ್ಟ್ ಆಗಿ ನಿಂತಿತ್ತು, ಅದರ ಕಡೆ ನಡೆದರು.

ನಾನು ಕೂತೇ ಇದ್ದೆ. ಇಂಥ ಹೊತ್ತಿನಲ್ಲಿ ನನಗೆ ಏನೂ ಆಗಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಶಿಕಾರಿಪುರದವರು ಎದ್ದು ಹೋದಾಗ ಆಗಲಿಲ್ಲ. ಅಮ್ಮ ಅತ್ತಾಗ ಆಗಲಿಲ್ಲ. ಸುಮ್ಮನೆ ಕೂತಿದ್ದರೆ ಐದು ನಿಮಿಷದಲ್ಲಿ ಮುಂದಿನ ಬಸ್ಸು ಬರುತ್ತೆ, ಮನೆಗೆ ಹೋಗಿ ಅನ್ನಕ್ಕಿಡಬಹುದು ಅಂದುಕೊಂಡೆ.

ಅವರು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರು. ನನಗೆ ಎದೆಯ ಕೆಳಗೆ ನೋವಾಯಿತು. ಮನಸ್ಸಿಗೆ ಅಂತಾರಲ್ಲ, ಹಾಗಲ್ಲ. ನಿಜವಾಗಿ ಮೈಯಲ್ಲೇ ನೋವು, ಉಸಿರು ಎಳೆದುಕೊಳ್ಳಲಾರದಷ್ಟು. ಏನಿದು ಅಂತ ಒಂದು ಕ್ಷಣ ಹೆದರಿದೆ. ಆಮೇಲೆ ಎದ್ದು ಓಡಿದೆ. ಬಸ್ಸು ಹೊರಟಿತ್ತು, ಹಿಂದಿನ ಬಾಗಿಲಲ್ಲಿ ಹತ್ತಿದೆ. ಕಂಡಕ್ಟರ್ "ಒಳಗೆ ಹೋಗಿ ಮೇಡಂ, ಬಾಗ್ಲಲ್ಲಿ ನಿಲ್ಬೇಡಿ" ಅಂದ.

ವಸಂತ್ ಮಧ್ಯದ ಸೀಟಿನಲ್ಲಿದ್ದರು, ಮುಖ ಕಿಟಕಿ ಕಡೆ. ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ.

"ನಮ್ಮಪ್ಪ ಹಾಲ್‌ನಲ್ಲಿ ಮಲಗಿದ್ರು" ಅಂದೆ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿರಲಿಲ್ಲ, ಅದೇ ಬಂತು. "ಭಾನುವಾರ ಮಧ್ಯಾಹ್ನ. ಅಮ್ಮ ಮದುವೆಗೆ ಹೋಗಿದ್ಲು. ನಾನು ಸೀನು ಅಂತ ಮಾತ್ರೆ ನುಂಗಿ ರೂಮಲ್ಲಿ ಮಲಗಿದ್ದೆ. ಅಪ್ಪ ಕರೆದಿದಾರೆ. ಉಮಾ, ಉಮಾ ಅಂತ. ಪಕ್ಕದ ಮನೆಯವರಿಗೆ ಕೇಳಿಸಿದೆ, ನಂಗೆ ಕೇಳಿಸಿಲ್ಲ. ಅವರು ಬಂದು ಬಾಗಿಲು ಬಡಿದು ನನ್ನ ಎಬ್ಬಿಸಿದ್ರು. ಅಷ್ಟೊತ್ತಿಗೆ ಆಗೋಗಿತ್ತು."

ವಸಂತ್ ತಿರುಗಿ ನೋಡಿದರು.

"ಆಮೇಲೆ ಆ ಮಾತ್ರೆ ಬಿಡಬೇಕಿತ್ತು. ಬಿಡ್ಲಿಲ್ಲ. ಎಚ್ಚರ ಇದ್ರೆ ಅದೇ ಯೋಚನೆ ಬರುತ್ತೆ ಅಂತ ದಿನಾ ತಗೊಂಡೆ. ಅಳಲಿಲ್ಲ. ಇವತ್ತಿನವರೆಗೂ ಅತ್ತಿಲ್ಲ. ನಂಗೆ ಏನೂ ಆಗ್ತಿರ್ಲಿಲ್ಲ ವಸಂತ್. ನೀವು ಬಿಸಿಲಲ್ಲಿ ನಿಂತಿದ್ದೆ ಅಂದಾಗಲೂ ಏನೂ ಆಗ್ಲಿಲ್ಲ. ಈಗ ನೀವೆದ್ದು ಬಂದ್ರಲ್ಲ, ಆವಾಗ ನೋವಾಯ್ತು."

"ನೋವಾಯ್ತಾ?"

"ಈಗಲೂ ಆಗ್ತಿದೆ. ಇಲ್ಲಿ."

"ತುಂಬಾನಾ?"

"ತುಂಬಾ."

ಅವರು ನನ್ನ ಮುಖವನ್ನೇ ನೋಡಿದರು, ಮೇಲಿನಿಂದ ಹೆಲ್ಮೆಟ್ ನೋಡಿ ನೋಡಿ ಸಾಕಾದವರು ಮುಖ ನೋಡುವ ಹಾಗೆ.

"ಸದ್ಯ" ಅಂದರು. ಅಂದು ಕಿಟಕಿ ಕಡೆ ಸರಿದು ಜಾಗ ಕೊಟ್ಟರು.

ಕೂತೆ. ಅವರು ಫೋನ್ ತೆಗೆದು ಯಾರಿಗೋ ಮಾಡಿದರು. "ಸಾರ್, ಇವತ್ತು ಶಿಫ್ಟಿಗೆ ಬೇರೆಯವರನ್ನ ಹಾಕ್ಕೊಳ್ಳಿ. ತಲೆ ಸರಿಯಿಲ್ಲ, ಹೀಗಿದ್ದಾಗ ಕ್ರೇನ್ ಹತ್ತಬಾರ್ದು." ಅಷ್ಟೊತ್ತಿಗೆ ಕಂಡಕ್ಟರ್ ಬಂದ, ಎಲ್ಲಿಗೆ ಅಂತ ಕೇಳಿದ.

"ಎರಡು ಶಿವಮೊಗ್ಗ" ಅಂದರು ವಸಂತ್.

"ನೀವು ಬರೋದು ನಾಳೆ ಅಲ್ವಾ" ಅಂದೆ.

"ನಾಳೆ ಎಲ್ಲರೂ ಇರ್ತಾರೆ. ಅಮ್ಮನ್ನ ಕರ್ಕೊಂಡೇ ಬರ್ತೀನಿ, ಹೂವಿನ ಸಮೇತ. ಇವತ್ತು ಅಪ್ಪನ ವಿಷಯ ಹೇಳಿ. ಹೋಗಿದ್ದಲ್ಲ, ಇದ್ದಾಗಿಂದು. ಹೆಸರೇನು ಅವರದ್ದು?"

"ಶಿವಯೋಗಿ" ಅಂದೆ. ಎರಡು ವರ್ಷದಲ್ಲಿ ಒಂದು ಸಲವೂ ನನ್ನ ಬಾಯಲ್ಲಿ ಬಂದಿರದ ಹೆಸರು. ಬಸ್ಸು ಮಾಚೇನಹಳ್ಳಿ ದಾಟುವಾಗ ನಾನು ಜೋರಾಗಿ ಅಳುತ್ತಿದ್ದೆ, ಜನ ನೋಡುತ್ತಿದ್ದರು. ವಸಂತ್ ಯಾರಿಗೂ ಏನೂ ಸಮಜಾಯಿಷಿ ಕೊಡಲಿಲ್ಲ. ನನ್ನ ಕೈ ಹಿಡಿದುಕೊಂಡು ಕೂತಿದ್ದರು.